ಭಾಷೆ ಬಾರದ ಶಾಲೆಯಲ್ಲಿ ಸಿಕ್ಕ ಗೆಳತಿ

ಆನ್ ಫ್ರಾಂಕ್ ಬರೆದ ದಿನಚರಿಯ ಬಗ್ಗೆ ನಮ್ಮ ಹೈಸ್ಕೂಲು ಮಕ್ಕಳು ಅಷ್ಟಿಷ್ಟು ಕೇಳಿರುತ್ತಾರೆ. ಆಕೆಯ ಗೆಳತಿ ಹನ್ನಾ ಗೋಸ್ಲರ್ ಕಥೆಯನ್ನು ಕೇಳಿದವರು ಕಡಿಮೆ. ಗಡಿನಾಡಿನ ಶಾಲೆಯವರಾದ ನಮಗೆ ಅದು ತೀರ ಹತ್ತಿರದ ಕಥೆ.

ಹನ್ನಾ 1928ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದಳು. ತಂದೆ ಸರಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಯಹೂದಿಗಳಾದ ಅವರಿಗೆ ಜರ್ಮನಿಯಲ್ಲಿ ನೆಲೆ ಇಲ್ಲದಾಯಿತು. ಮನೆಮಠ ಬಿಟ್ಟು ನೆದರ್‌ಲ್ಯಾಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮ್ ನಗರ ಸೇರಿದರು. ಮನೆಯೊಳಗೆ ಜರ್ಮನ್, ಹೊರಗೆಲ್ಲ ಡಚ್. ಹನ್ನಾಗೆ ಡಚ್ ಭಾಷೆಯ ಗಂಧವೂ ಇರಲಿಲ್ಲ.

ಒಮ್ಮೆ ತಾಯಿಯೊಂದಿಗೆ ದಿನಸಿ ಅಂಗಡಿಗೆ ಹೋದಾಗ ಇನ್ನೊಬ್ಬ ಹೆಂಗಸು ಜರ್ಮನ್ ಮಾತಾಡುವುದು ಕೇಳಿಸಿತು. ಪರಸ್ಥಳದಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ಎಷ್ಟು ಹಿತವೆಂದು ನಮಗೆ ಬೇರೆ ಹೇಳಬೇಕಾಗಿಲ್ಲ. ತಾಯಂದಿರು ಮಾತಿಗಿಳಿದರು. ಆ ಹೆಂಗಸಿನ ಜೊತೆಗಿದ್ದ ಪುಟ್ಟ ಹುಡುಗಿಯೇ ಆನ್.

1934ರಲ್ಲಿ ಹನ್ನಾಳನ್ನು ಮಾಂಟೆಸ್ಸರಿ ಶಾಲೆಗೆ ಸೇರಿಸಿದರು. ಮೊದಲ ದಿನ ಮಗು ತಾಯಿಯ ಕೈ ಬಿಡಲೊಲ್ಲದು. ಕೋಣೆಯಲ್ಲಿ ಒಬ್ಬ ಹುಡುಗಿ ಬೆನ್ನು ತಿರುಗಿಸಿ ನಿಂತು ಪುಟ್ಟ ಗಂಟೆಗಳನ್ನು ಬಾರಿಸುತ್ತಿದ್ದಳು. ಆಕೆ ತಿರುಗಿ ನೋಡಿದಳು, ಅಂಗಡಿಯಲ್ಲಿ ಕಂಡಿದ್ದ ಆನ್! ಇಬ್ಬರೂ ಓಡಿ ಹೋಗಿ ಅಪ್ಪಿಕೊಂಡರು. ತಾಯಿ ನೆಮ್ಮದಿಯಿಂದ ಮನೆಗೆ ಹಿಂತಿರುಗಿದರು.

ಮುಂದೆ ಎರಡೂ ಮನೆಗಳು ಒಂದಾದವು. ಹನ್ನಾಳ ಮನೆಯ ಶುಕ್ರವಾರ ಸಂಜೆಯ ಊಟಕ್ಕೆ ಫ್ರಾಂಕ್ ಕುಟುಂಬ ಬರುತ್ತಿತ್ತು. ಡಚ್ ಭಾಷೆಯನ್ನು ಇಬ್ಬರೂ ಆಟವಾಡುತ್ತಲೇ ಕಲಿತರು.

1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ನೆದರ್‌ಲ್ಯಾಂಡ್ಸ್‌ಗೂ ನುಗ್ಗಿತು. 1941ರಲ್ಲಿ ಯಹೂದಿ ಮಕ್ಕಳನ್ನು ಉಳಿದವರಿಂದ ಬೇರ್ಪಡಿಸಿ ಬೇರೆ ಶಾಲೆಗೆ ಹಾಕಿದರು. 1942ರ ಜುಲೈಯಲ್ಲಿ ತಾಯಿ ಜಾಮ್ ಮಾಡಲೆಂದು ತಕ್ಕಡಿ ತರಲು ಹನ್ನಾಳನ್ನು ಆನ್ ಮನೆಗೆ ಕಳುಹಿಸಿದರು. ಮನೆಯವರೆಲ್ಲ ಸ್ವಿಟ್ಜರ್‌ಲ್ಯಾಂಡ್‌ಗೆ ಹೋದರೆಂದು ಅಲ್ಲಿದ್ದ ಬಾಡಿಗೆದಾರ ಹೇಳಿದ. ನಿಜಕ್ಕೂ ಅವರು ಅದೇ ನಗರದಲ್ಲಿ ಅಡಗಿದ್ದರು. ಗೆಳತಿ ಸುಖವಾಗಿದ್ದಾಳೆಂದು ಹನ್ನಾ ನಂಬಿದ್ದರೆ, ಹನ್ನಾಳ ಗತಿ ಏನಾಯಿತೋ ಎಂದು ಆನ್ 1943ರ ನವೆಂಬರಿನಲ್ಲಿ ದಿನಚರಿಯಲ್ಲಿ ಬರೆದು ಕೊರಗಿದಳು. ಅಷ್ಟರಲ್ಲಿ ಹನ್ನಾಳ ತಾಯಿ ತೀರಿಕೊಂಡಿದ್ದರು. ತಂದೆ, ಪುಟ್ಟ ತಂಗಿಯೊಂದಿಗೆ ಅವಳು ಬಂಧನದಲ್ಲಿದ್ದಳು.

1945ರ ಫೆಬ್ರವರಿ. ಜರ್ಮನಿಯ ಬರ್ಗನ್-ಬೆಲ್ಸನ್ ಸೆರೆಶಿಬಿರ. ಹುಲ್ಲು ತುಂಬಿದ ಮುಳ್ಳುತಂತಿಯ ಬೇಲಿಯಾಚೆ ಆನ್ ಇದ್ದಾಳೆಂದು ಹನ್ನಾಗೆ ತಿಳಿಯಿತು. ಸಿಕ್ಕಿಬಿದ್ದರೆ ಗುಂಡೇಟು. ಆದರೂ ಕತ್ತಲಲ್ಲಿ ಬೇಲಿಯ ಬಳಿಗೆ ಹೋದಳು. ಮುಖ ಕಾಣಲಿಲ್ಲ, ದನಿ ಮಾತ್ರ ಕೇಳಿಸಿತು. ಇಬ್ಬರೂ ಅತ್ತರು. ಹಸಿದಿದ್ದ ಗೆಳತಿಗೆ ಹನ್ನಾ ತಿನಿಸಿನ ಪುಟ್ಟ ಗಂಟೊಂದನ್ನು ಎಸೆದಳು. ಆದರೆ ಬೇರೊಬ್ಬಳು ಅದನ್ನು ಕಿತ್ತುಕೊಂಡಳು. ಹನ್ನಾ ಮತ್ತೊಂದು ರಾತ್ರಿ ಬಂದು ಇನ್ನೊಂದು ಗಂಟನ್ನು ಎಸೆದಳು. ಅದು ಆನ್ ಕೈಗೆ ಸಿಕ್ಕಿತು.

ಕೆಲವೇ ದಿನಗಳಲ್ಲಿ ಆನ್ ಕಾಯಿಲೆಯಿಂದ ತೀರಿಕೊಂಡಳು. ಹನ್ನಾ ತಂಗಿಯೊಂದಿಗೆ ಬದುಕುಳಿದು, 1947ರಲ್ಲಿ ಜೆರುಸಲೇಂ ಸೇರಿ, ಮಕ್ಕಳ ಆರೈಕೆ ಮಾಡುವ ದಾದಿಯಾದರು. 2022ರ ಅಕ್ಟೋಬರ್ 28ರಂದು, 93ರ ಹರೆಯದಲ್ಲಿ ನಿಧನರಾದರು. ಶಾಲೆಯ ಮೊದಲ ದಿನದ ಆ ಗಂಟೆಗಳ ಸಂಗತಿಯನ್ನು ಮುಪ್ಪಿನಲ್ಲೂ ಹೇಳುತ್ತಿದ್ದರು.

ನಮ್ಮ ಶಾಲೆಗಳಿಗೂ ತುಳು, ಮಲಯಾಳ, ಕೊಂಕಣಿ, ಬ್ಯಾರಿ ಮಾತಿನ ಮನೆಗಳಿಂದ ಮಕ್ಕಳು ಬರುತ್ತಾರೆ. ದೂರದ ರಾಜ್ಯಗಳಿಂದ ಕೂಲಿಗೆ ಬಂದವರ ಮಕ್ಕಳೂ ಇದ್ದಾರೆ. ಜೂನ್ ತಿಂಗಳಲ್ಲಿ ಬಾಗಿಲ ಬಳಿ ಅಳುತ್ತ ನಿಲ್ಲುವ ಮಗುವಿಗೆ ಅಕ್ಷರಕ್ಕಿಂತ ಮೊದಲು ಬೇಕಾದದ್ದು ಬೆಂಚಿನಲ್ಲಿ ಸರಿದು ಜಾಗ ಕೊಡುವ ಇನ್ನೊಂದು ಮಗು. ಪಾಠ ನಾವು ಕಲಿಸಬಹುದು. ಆ ಕೆಲಸ ಮಾತ್ರ ಮಕ್ಕಳದೇ. ಯಾರ ಪಕ್ಕ ಯಾರನ್ನು ಕೂರಿಸುವುದೆಂದು ನೋಡಿಕೊಂಡರೆ ನಮ್ಮ ಪಾಲಿನದು ಮಾಡಿದಂತೆ.