ಮೂರನೆಯ ತರಗತಿಯ ಪಾತ್ರಧಾರಿ

ಶಾಲಾ ವಾರ್ಷಿಕೋತ್ಸವ ಸಮೀಪಿಸಿತೆಂದರೆ ಉಪಾಧ್ಯಾಯರ ಕೊಠಡಿಯಲ್ಲಿ ಒಂದೇ ಚರ್ಚೆ: ಈ ಬಾರಿಯ ನಾಟಕಕ್ಕೆ ಯಾರು ಯಾರು? ಗಟ್ಟಿ ಕಂಠದವರನ್ನೂ ಬೇಗ ಬಾಯಿಪಾಠ ಮಾಡುವವರನ್ನೂ ಆರಿಸಿಕೊಂಡು, ಉಳಿದವರನ್ನು ಪರದೆ ಎಳೆಯಲು, ಬೆಂಚು ಹೊರಲು ಕಳುಹಿಸುತ್ತಿದ್ದೆವು. ನಾನೂ ಹಾಗೆ ಮಾಡಿದವನೇ. ಅದು ಸರಿಯೇ ಎಂಬ ಅನುಮಾನ ನನ್ನಲ್ಲಿ ಹುಟ್ಟಿದ್ದು ಬಿ. ವಿ. ಕಾರಂತರ ಬಾಲ್ಯದ ಸಂಗತಿಗಳನ್ನು ಓದಿದ ಮೇಲೆ.

ಕಾರಂತರು 1929ರಲ್ಲಿ ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಜನಿಸಿದರು. ಮೂರನೆಯ ತರಗತಿಯಲ್ಲಿದ್ದಾಗ ಪಿ. ಕೆ. ನಾರಾಯಣ ಎಂಬವರು ಆಡಿಸಿದ, ಕುವೆಂಪು ಅವರ ‘ನನ್ನ ಗೋಪಾಲ’ ನಾಟಕದಲ್ಲಿ ಅವರು ಮೊದಲ ಬಾರಿಗೆ ಬಣ್ಣ ಹಚ್ಚಿದರು. ಅದರ ಕಥೆ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಬಡತಾಯಿಯ ಮಗನೊಬ್ಬ ಕಾಡು ದಾಟಿ ಶಾಲೆಗೆ ಹೋಗಬೇಕು, ಅವನಿಗೆ ಭಯ. ಕಾಡಿನಲ್ಲಿ ನಿನ್ನ ಅಣ್ಣ ಗೋಪಾಲನಿದ್ದಾನೆ, ಹೆದರಿಕೆಯಾದಾಗ ಕೂಗಿ ಕರೆ ಎಂದು ತಾಯಿ ಹೇಳುತ್ತಾಳೆ. ಭಯವನ್ನು ಅಭಿನಯಿಸುವ ಮಗು ತನ್ನ ಭಯವನ್ನೇ ಎದುರಿಗಿಟ್ಟುಕೊಂಡು ನೋಡಬೇಕಾಗುತ್ತದೆ. ಭಾಷಣ ಸ್ಪರ್ಧೆಯಲ್ಲಿ ಈ ಅವಕಾಶವಿಲ್ಲ. ಅಲ್ಲಿ ಭಯವನ್ನು ಅಡಗಿಸುವುದೊಂದೇ ದಾರಿ.

ಮುಂದೆ ಆ ಬಾಲಕ ಮನೆ ಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದ. ವೀರಣ್ಣನವರೇ ಅವರನ್ನು ಎಂ.ಎ. ಓದಲು ಕಾಶಿಗೆ ಕಳುಹಿಸಿದರು. ರಾಷ್ಟ್ರೀಯ ನಾಟಕ ಶಾಲೆ, ರಂಗಾಯಣ ಇವೆಲ್ಲ ತಿಳಿದ ವಿಷಯಗಳೇ. ಆದರೆ 1969ರಿಂದ 1972ರವರೆಗೆ ಅವರು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಮೇಷ್ಟರಾಗಿದ್ದರೆಂಬುದನ್ನು ನಾವು ಮರೆಯುತ್ತೇವೆ. (ಮೇಷ್ಟರ ಕೆಲಸ ಯಾರ ಜೀವನಚರಿತ್ರೆಯಲ್ಲಿಯೂ ಒಂದು ಸಾಲನ್ನು ಮೀರುವುದಿಲ್ಲ!)

ಮಕ್ಕಳಿಗಾಗಿ ಅವರು ಬರೆದ ‘ಪಂಜರಶಾಲೆ’ಗೆ ಆಧಾರ 1918ರಲ್ಲಿ ಪ್ರಕಟವಾದ ರವೀಂದ್ರನಾಥ ಠಾಕೂರರ ಗಿಳಿಯ ಕಥೆ. ಹಾಡುತ್ತ ಹಾರುತ್ತಿದ್ದ ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜನ ಅಪ್ಪಣೆಯಾಗುತ್ತದೆ. ಚಿನ್ನದ ಪಂಜರ ಸಿದ್ಧವಾಗುತ್ತದೆ. ಅಕ್ಕಸಾಲಿಗೆ ಬಹುಮಾನ, ಪಂಡಿತರಿಗೆ ಸಂಭಾವನೆ. ಗಿಳಿಯ ಬಾಯಿಗೆ ಪುಸ್ತಕದ ಹಾಳೆಗಳನ್ನು ತುರುಕುತ್ತಾರೆ. ಕೊನೆಗೆ ಅದು ಸತ್ತಾಗ ಹೊಟ್ಟೆಯೊಳಗೆ ಕಾಗದದ ಸರಪರ ಸದ್ದು ಮಾತ್ರ.

ಈ ಕಥೆಯನ್ನು ಒಮ್ಮೆ ತರಗತಿಯಲ್ಲಿ ಹೇಳಿ, ಮಾತುಗಳನ್ನು ನೀವೇ ಕಟ್ಟಿ ಆಡಿರೆಂದೆ. ವೇದಿಕೆಯಿಲ್ಲ, ಪ್ರೇಕ್ಷಕರಿಲ್ಲ. ಹಾಜರಿ ಕರೆದರೂ ತುಟಿ ಬಿಚ್ಚದ ಹುಡುಗನೊಬ್ಬನಿಗೆ ಪಂಡಿತನ ಪಾತ್ರ ಬಂದಿತು. ಅವನು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದಂತೆ ನಟಿಸಿ, ಸೀಮೆಸುಣ್ಣದಿಂದ ಮೇಜು ಕುಟ್ಟುತ್ತ, “ಎಷ್ಟು ಸಲ ಹೇಳಬೇಕು?” ಎಂದು ಗಿಳಿಯನ್ನು ಗದರಿಸಿದ. ತರಗತಿಯೆಲ್ಲ ನನ್ನತ್ತ ತಿರುಗಿ ನಕ್ಕಿತು. ಆ ಪಂಡಿತ ನಾನೇ! ನಗಲು ನನಗೆ ತುಸು ಹೊತ್ತು ಹಿಡಿಯಿತು.

ಅವನೇನೂ ಮಾತುಗಾರನಾಗಲಿಲ್ಲ. ಆದರೆ ಮುಂದಿನ ವಾರ ವ್ಯಾಕರಣ ಪಾಠದ ನಡುವೆ ತಾನಾಗಿಯೇ ಎದ್ದು ನಿಂತು, “ಸಾರ್, ನನಗೆ ತಿಳಿಯಲಿಲ್ಲ” ಎಂದ. ಅದಕ್ಕೆ ಮೊದಲಿನ ಎರಡು ವಾರ್ಷಿಕೋತ್ಸವಗಳಲ್ಲಿಯೂ ನಾನು ಅವನಿಂದ ಪರದೆ ಎಳೆಸಿದ್ದೆ.