ಚಿತ್ರಕ್ಕೆ ದಕ್ಕದ ಕವಿ

ಸ್ವಾತಂತ್ರ್ಯ ಹೋರಾಟದ ಕಥೆಯನ್ನು ಮಕ್ಕಳಿಗೆ ಚಿತ್ರಗಳಲ್ಲಿ ಹೇಳುವುದು ಅಷ್ಟೇನೂ ಕಷ್ಟವಲ್ಲ. ಕುದುರೆಯೇರಿದ ರಾಣಿ, ನೇಣುಗಂಬದೆದುರು ನಿಂತ ತರುಣ, ಕಡಲತೀರದಲ್ಲಿ ಹಿಡಿ ಉಪ್ಪೆತ್ತುವ ಗಾಂಧೀಜಿ: ಒಂದೊಂದೂ ತಾನೇ ಚಿತ್ರವಾಗಿ ನಿಲ್ಲುತ್ತದೆ. ಆದರೆ ಹೋರಾಡಿದವನು ಕವಿಯಾಗಿದ್ದರೆ? ಅವನ ಕದನವೆಲ್ಲ ನಡೆದದ್ದು ಕಾಗದದ ಮೇಲೆ.

ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ಮುಂಬಯಿಯಿಂದ ಆರಂಭಿಸಿದ ‘ಅಮರ ಚಿತ್ರಕಥಾ’ ಮಾಲೆಯಲ್ಲಿ ತಮಿಳಿನ ಸುಬ್ರಹ್ಮಣ್ಯ ಭಾರತಿಯವರ ಮೇಲೂ ಒಂದು ಪುಸ್ತಕವಿದೆ. ಭಾರತಿಯವರ ಬದುಕಿನಲ್ಲಿ ಚಿತ್ರಕಾರನಿಗೆ ಒದಗುವ ಸಂಗತಿಗಳಿಗೆ ಕೊರತೆಯಿಲ್ಲ. ಬಿಳಿಯ ಪೇಟ, ಹುರಿಮೀಸೆ, ಕರಿಯ ಕೋಟು. 1908ರಲ್ಲಿ ಬ್ರಿಟಿಷರ ಕೈತಪ್ಪಿಸಿ ಫ್ರೆಂಚರ ಆಳ್ವಿಕೆಯ ಪುದುಚೇರಿ ಸೇರಿದ್ದು. ಹತ್ತು ವರ್ಷಗಳ ಬಳಿಕ ಮರಳುವಾಗ ಕಡಲೂರಿನ ಬಳಿ ಬಂಧನಕ್ಕೊಳಗಾದದ್ದು. ಮದರಾಸಿನ ತಿರುವಲ್ಲಿಕ್ಕೇಣಿಯ ದೇವಾಲಯದ ಆನೆ ಅವರನ್ನು ಕೆಡವಿದ್ದು. 1921ರ ಸೆಪ್ಟೆಂಬರಿನಲ್ಲಿ ತೀರಿಕೊಂಡದ್ದು. ಇಷ್ಟರಲ್ಲಿ ಮಗುವಿನ ನೆನಪಿನಲ್ಲಿ ಉಳಿಯುವುದು ಬಹುಶಃ ಆನೆ.

ಆದರೆ ಕವಿ ಎಂಥ ಹೋರಾಟಗಾರನೆಂಬುದು ಬೆಳಕಿಗೆ ಬಂದದ್ದು ಅವರು ಕಣ್ಮರೆಯಾದ ಏಳು ವರ್ಷಗಳ ಮೇಲೆ. 1928ರಲ್ಲಿ ಮೊದಲು ಬರ್ಮಾ ಸರ್ಕಾರ, ಅದರ ಬೆನ್ನಿಗೇ ಮದರಾಸು ಸರ್ಕಾರ ಅವರ ಹಾಡುಗಳ ಪುಸ್ತಕಗಳನ್ನು ಮುಟ್ಟುಗೋಲು ಹಾಕಿಕೊಂಡವು. ಮದರಾಸಿನ ಶಾಸನ ಪರಿಷತ್ತಿನಲ್ಲಿ ಸತ್ಯಮೂರ್ತಿಯವರು ಇದನ್ನು ಪ್ರತಿಭಟಿಸಿದರು. ತೀರಿಹೋದ ಕವಿಗೆ ಸಾಮ್ರಾಜ್ಯವೊಂದು ಅಂಜಿದ್ದೇಕೆ? ಮಕ್ಕಳ ಪುಸ್ತಕ ಕೇಳಬೇಕಾದದ್ದು ಈ ಪ್ರಶ್ನೆಯನ್ನು. ಇದಕ್ಕೆ ಆನೆಯ ಚಿತ್ರದಲ್ಲಿ ಉತ್ತರವಿಲ್ಲ, ಹಾಡಿನಲ್ಲಿದೆ.

ನಮ್ಮ ಬೇಂದ್ರೆಯವರ ಕಥೆಯೂ ಇಂಥದೇ. ‘ನರಬಲಿ’ ಎಂಬ ಕವಿತೆ ಬರೆದದ್ದಕ್ಕಾಗಿ ಅವರು ಹಿಂಡಲಗಾ ಸೆರೆಮನೆ ಕಂಡರು. ಸೆರೆಮನೆಯ ಕಂಬಿಗಳನ್ನು ಯಾರೂ ಬರೆದಾರು. ಅವರನ್ನು ಕಂಬಿಗಳ ಹಿಂದೆ ನಿಲ್ಲಿಸಿದ ಕವಿತೆ ಪುಟದ ಮೇಲಿಲ್ಲದಿದ್ದರೆ ಆ ಚಿತ್ರ ಯಾವ ಕೈದಿಯದೂ ಆದೀತು.

ಹೊರನಾಡಿನ ನಮ್ಮ ಮನೆಗಳಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಇಲ್ಲಿ ಬೆಳೆಯುವ ಮಕ್ಕಳು ಎಷ್ಟೋ ವೇಳೆ ಕವಿಗಳನ್ನು ಮೊದಲು ಕಾಣುವುದು ಇಂಗ್ಲಿಷಿನ ಪುಸ್ತಕಗಳಲ್ಲಿ. ಕವಿಯ ಮುಖ ಪರಿಚಯವಾಗುತ್ತದೆ, ದನಿ ಪರಿಚಯವಾಗುವುದಿಲ್ಲ. ಆದ್ದರಿಂದ ಇಂಥ ಪುಸ್ತಕಗಳು ಒಂದು ಪುಟವನ್ನಾದರೂ ಚಿತ್ರವಿಲ್ಲದೆ ಬಿಟ್ಟು, ಅಲ್ಲಿ ಕವಿತೆಯೊಂದನ್ನು ಅದರದೇ ನುಡಿಯಲ್ಲಿ, ದಪ್ಪಕ್ಷರಗಳಲ್ಲಿ ಅಚ್ಚುಹಾಕಬೇಕು. ಮಗುವಿಗೆ ಲಿಪಿ ಬಾರದಿದ್ದರೆ ಅಮ್ಮನೋ ಅಜ್ಜನೋ ಓದಿ ಹೇಳಬೇಕಾಗುತ್ತದೆ. ಅದು ಒಳ್ಳೆಯದೇ. 1928ರಲ್ಲಿ ಪೊಲೀಸರಿಗೆ ಸಿಕ್ಕದ್ದು ಪುಸ್ತಕಗಳು ಮಾತ್ರ. ಬಾಯಿಂದ ಬಾಯಿಗೆ ದಾಟಿದ ಹಾಡು ಅವರ ಕೈಗೆ ಸಿಕ್ಕಲಿಲ್ಲ.