ಮುದಾಹನತ್: ಎಣ್ಣೆ ಹಚ್ಚುವ ಮಾತು

ಸ್ವಂತ ಲಾಭಕ್ಕಾಗಿ ಉಳ್ಳವರನ್ನು ಹೊಗಳುವವನನ್ನು ನಾವು ಕನ್ನಡದಲ್ಲಿ ಹೊಗಳುಭಟ್ಟ ಎನ್ನುತ್ತೇವೆ. 'ಬೆಣ್ಣೆ ಹಚ್ಚುತ್ತಾನೆ' ಎಂದು ನಗುತ್ತೇವೆ. ಉರ್ದು ಮಾತಾಡುವ ಮನೆಗಳಲ್ಲಿ ಅವನು ಚಮಚಾ. ನಮ್ಮ ವಿದ್ವಾಂಸರು ಈ ಗುಣವನ್ನು 'ಮುದಾಹನತ್' ಎಂದರು. ಈ ಅರಬಿ ಪದದ ಮೂಲ 'ದುಹ್ನ್', ಅಂದರೆ ಎಣ್ಣೆ. ಎಣ್ಣೆ ಸವರಿದರೆ ಒರಟು ಕಾಣದು. ಹಾಗೆಯೇ ಸವಿಮಾತು ಸವರಿ ತಪ್ಪನ್ನು ಮರೆಸುವುದು ಮುದಾಹನತ್.

ಪವಿತ್ರ ಕುರ್‌ಆನಿನ 68ನೇ ಅಧ್ಯಾಯ 'ಅಲ್ ಕಲಮ್'ನ 9ನೇ ಸೂಕ್ತದಲ್ಲಿ ಇದೇ ಮೂಲದ ಕ್ರಿಯಾಪದ ಬಂದಿದೆ. ಪ್ರವಾದಿವರ್ಯರು(ಸ) ತುಸು ಸಡಿಲಗೊಂಡರೆ ತಾವೂ ಸಡಿಲಗೊಳ್ಳಲು ಮಕ್ಕಾದ ಸತ್ಯನಿಷೇಧಿಗಳು ಬಯಸಿದ್ದರು. ಪ್ರವಾದಿವರ್ಯರು(ಸ) ಅದಕ್ಕೆ ಬಗ್ಗಲಿಲ್ಲ. ಹಾಗೆಂದು ಮೃದುಮಾತೆಲ್ಲವೂ ಮುದಾಹನತ್ ಅಲ್ಲ. ದೀನನ್ನು ಬಿಡದೆ ಜನರೊಂದಿಗೆ ನಯವಾಗಿ ನಡೆಯುವುದು 'ಮುದಾರಾತ್', ಅದು ಮೆಚ್ಚತಕ್ಕದ್ದು. ದುನಿಯಾದ ಲಾಭಕ್ಕೆ ದೀನನ್ನೇ ಬಿಟ್ಟುಕೊಡುವುದು ಮುದಾಹನತ್.

ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಹದೀಸ್ ಶಾಸ್ತ್ರದ ಗ್ರಂಥಗಳಲ್ಲಿ ಒಂದು ಪ್ರಸಿದ್ಧ ಪ್ರಸಂಗವಿದೆ. ಅಬ್ಬಾಸಿ ಖಲೀಫ ಮಹ್ದಿಯವರಿಗೆ (ಆಳ್ವಿಕೆ ಕ್ರಿ.ಶ. 775-785) ಪಾರಿವಾಳಗಳೆಂದರೆ ಬಹಳ ಪ್ರೀತಿ. ಗಿಯಾಸ್ ಬಿನ್ ಇಬ್ರಾಹೀಮ್ ಎಂಬಾತ ಅವರ ಬಳಿಗೆ ಬಂದ. ಬಾಣ, ಒಂಟೆ, ಕುದುರೆ ಈ ಮೂರರ ಪಂದ್ಯಕ್ಕೆ ಮಾತ್ರ ಬಹುಮಾನ ಸಲ್ಲುತ್ತದೆ ಎಂಬ ಹದೀಸನ್ನು ಹೇಳಿ, ಕೊನೆಗೆ 'ರೆಕ್ಕೆ' ಎಂಬ ಪದವನ್ನು ತಾನೇ ಸೇರಿಸಿದ. ಖಲೀಫರು ಅವನಿಗೆ ಹತ್ತು ಸಾವಿರ ದಿರ್ಹಮ್ ಕೊಡಿಸಿದರು. ಅವನು ಎದ್ದು ಹೊರಟಾಗ, ಇದು ಪ್ರವಾದಿಯ(ಸ) ಹೆಸರಿನಲ್ಲಿ ಸುಳ್ಳಾಡಿದವನ ಕತ್ತು ಎಂದರು. ಈ ಸುಳ್ಳಿಗೆ ತಾನೇ ಕಾರಣನಾದೆನೆಂದು ಪಾರಿವಾಳಗಳನ್ನು ಕೊಯ್ಯಿಸಿದರು. ಹದೀಸ್ ವಿಮರ್ಶಕರು ಗಿಯಾಸ್‌ನನ್ನು ಸುಳ್ಳುಗಾರರ ಸಾಲಿಗೆ ಸೇರಿಸಿದರು.

ಸಹೋದರ ಸಹೋದರಿಯರೇ, ಅವನು ಸೇರಿಸಿದ್ದು ಒಂದೇ ಪದ. ಖಲೀಫರು ಸುಳ್ಳನ್ನು ಗುರುತಿಸಿದರು ನಿಜ. ಆದರೆ ಸುಳ್ಳಿಗೆ ಕೂಲಿ ಸಂದಾಗಿತ್ತು. ಹೊಗಳುವವನಷ್ಟೇ ಹೊಗಳಿಸಿಕೊಳ್ಳುವವನೂ ಎಚ್ಚರವಾಗಿರಬೇಕು. ಖಲೀಫ ಉಸ್ಮಾನ್(ರ)ರನ್ನು ಎದುರಿಗೇ ಹೊಗಳತೊಡಗಿದವನ ಮುಖಕ್ಕೆ ಮಿಕ್ದಾದ್(ರ) ಮೊಣಕಾಲೂರಿ ಹರಳು ಎರಚಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಹಾಗೆ ಹೊಗಳುವವರ ಮುಖಕ್ಕೆ ಮಣ್ಣೆರಚಲು ಪ್ರವಾದಿವರ್ಯರೇ(ಸ) ಹೇಳಿದ್ದರೆಂದು ಅವರು ಕಾರಣ ಕೊಟ್ಟರು.

ಈ ಮಾತು ಮೊದಲು ಅನ್ವಯಿಸುವುದು ಮಿಂಬರ್ ಏರುವ ನಮಗೇ. ಮಸೀದಿಗೆ ದೊಡ್ಡ ಚಂದಾ ಕೊಟ್ಟವರ ಮನೆಯ ನಿಕಾಹ್‌ನಲ್ಲಿ ವರದಕ್ಷಿಣೆ ನಡೆದದ್ದನ್ನು ತಿಳಿದೂ ಅವರ ಔದಾರ್ಯವನ್ನಷ್ಟೇ ಕೊಂಡಾಡಿದರೆ, ನಾವೂ ಎಣ್ಣೆ ಹಚ್ಚಿದವರೇ. ತಪ್ಪನ್ನು ಏಕಾಂತದಲ್ಲಿ, ಮೆಲುದನಿಯಲ್ಲಿ ಹೇಳೋಣ; ಆದರೆ ಹೇಳದೆ ಬಿಡದಿರೋಣ. ಕೇಳುವವರೂ ಸಿಟ್ಟಾಗದೆ ಕೇಳಲಿ. ಅಲ್ಲಾಹನು ನಮ್ಮ ನಾಲಿಗೆಗಳಿಗೆ ಸತ್ಯವನ್ನೂ ಸೌಮ್ಯತೆಯನ್ನೂ ಕರುಣಿಸಲಿ. ಆಮೀನ್.